ಸದ್ದಿಲ್ಲದ ಸ್ಕೂಟರಿಗೆ ಒಂದು ಸದ್ದು

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳವು. ಬಳ್ಳಾರಿಯಲ್ಲಿ ಹಾರ್ನಿಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಂಥ ಊರಿನಲ್ಲಿ ರಾಘಣ್ಣನವರು ಸದ್ದೇ ಮಾಡದ ಬ್ಯಾಟರಿ ಸ್ಕೂಟರಿನ ಅಂಗಡಿ ತೆರೆದರು. ನನ್ನ ಗಂಡ ವಿಶ್ವಪ್ರಿಯ ತೀರಿಕೊಂಡ ಮೇಲೆ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮಾಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಿತ್ತು.

ಕೊಂಡವರು ಒಬ್ಬೊಬ್ಬರಾಗಿ ಗಾಡಿ ವಾಪಸು ತಂದರು. ಸಿರುಗುಪ್ಪದ ಅಕ್ಕನಾಗಮ್ಮ ಟೀಚರು ಹ್ಯಾಂಡಲ್ ಬಿಡದೆಯೇ ಜಗಳಕ್ಕೆ ನಿಂತರು.

"ಬೆನ್ನಿಗೆ ತಾಗೋತನಕ ಯಾರೂ ಸರಿಯಂಗಿಲ್ರಿ. ನಿನ್ನೆ ನಮ್ಮ ಹೆಡ್‌ಮಾಸ್ತರಿಗೇ ಗುದ್ದೀನಿ. ಇದು ಗಾಡಿನೋ, ದೆವ್ವನೋ?"

"ಹಾರ್ನ್ ಐತಲ್ರಿ ಟೀಚರ್."

"ಹೆಡ್‌ಮಾಸ್ತರಿಗೆ ಹಾರ್ನ್ ಹೊಡೀಲೇನು?"

ಅವರು ಹೋದ ಮೇಲೆ ರಾಘಣ್ಣನವರು ಹೇಳಿದರು: "ಕುರುಗೋಡಿನ ಸೈಕಲ್ ಅಂಗಡಿ ಎರ್ರಣ್ಣ ನಮ್ಮ ಗಾಡಿ ಇಟ್ಕೊಂಡು ಮಾರತೀನಿ ಅಂದ್ರ ಅಂಗಡಿ ಉಳೀತದ. ಇಲ್ಲಾಂದ್ರ ಮುಚ್ಚೋದೇ ನೋಡಮ್ಮಾ."

ಗಾಡಿಗೊಂದು ಸದ್ದು ಹುಡುಕಿಕೊಂಡು ನಾನು ಕೌಲ್ ಬಜಾರಿಗೆ ಹೋದೆ. ಅಲ್ಲಿ ಕೈಸರ್ ಎಂಬ ಮೆಕ್ಯಾನಿಕ್ ಲಾರಿಗಳಿಗೆ ಹಾರ್ನ್ ಕೂಡಿಸುತ್ತಿದ್ದ.

"ಬಳ್ಳಾರ್ಯಾಗ ಸದ್ದು ಸಾಲವಲ್ದು ಅಂದೋರು ನೀವೊಬ್ರೇ ನೋಡ್ರಿ, ಮೇಡಮ್ಮೋರ," ಎಂದ.

ಅವನ ಬಳಿ ಇದ್ದುದರಲ್ಲಿ ಇಂಪಾದದ್ದು, ಲಾರಿ ಹಿಂದಕ್ಕೆ ಬರುವಾಗ ಬಾರಿಸುವ ಟ್ಯೂನ್. ಅದನ್ನೇ ಸ್ಕೂಟರಿಗೆ ಕೂಡಿಸಿಕೊಂಡು ಬಜಾರಿನಲ್ಲಿ ಹೊರಟೆ. ಜನ ಸರಿದರು, ಆದರೆ ನನ್ನ ಮುಂದಕ್ಕೆ. ಆ ಟ್ಯೂನ್ ಕೇಳಿದರೆ ಗಾಡಿಯ ಮುಂದೆ ನಿಲ್ಲಬೇಕೆಂಬುದು ಇಡೀ ಊರಿಗೆ ರೂಢಿಯಾಗಿತ್ತು. ಮಿರ್ಚಿ ಮಾರುವವನೊಬ್ಬ ಬಂಡಿಯನ್ನೂ ಎಳೆದುತಂದು ನನ್ನ ಚಕ್ರದ ಮುಂದೆ ನಿಲ್ಲಿಸಿದ. ನಾನು ಬ್ರೇಕ್ ಹಿಡಿದು ಕಾಲೂರಿದೆ.

"ಹೆದರಬ್ಯಾಡಕ್ಕಾ, ಹಿಂದ ಹೋಗು. ಭಾಳ ಜಾಗ ಐತಿ," ಎಂದು ಧೈರ್ಯ ಹೇಳಿದ.

ಕೈಸರ್ ನಗುತ್ತಾ ಟೈರಿನ ಮೇಲೆ ಕುಸಿದು ಕೂತ. ನಾನೂ ನಕ್ಕೆ. ಅಭ್ಯಾಸ ತಪ್ಪಿದ್ದರಿಂದ ಗಂಟಲು ನೋವಾಯಿತು.

"ತಿರುಗಿ ನೋಡದೇನೇ ಮಂದಿ ಯಾವುದಕ್ಕ ಸರೀತಾರ, ಕೈಸರ್?"

ಅವನು ಯೋಚಿಸಿದ. "ರೂಪನಗುಡಿ ನಮ್ಮತ್ತಿ ಊರ್ರಿ. ಅಲ್ಲಿ ಎತ್ತಿನ ಗೆಜ್ಜಿ ಕೇಳಿದ್ರ ಮಾತಾಡಿಕೋಂತನ ಬಾಜೂಕ ಆಗ್ತಾರ. ಕೊಂಬಿನ ತಿವಿತ ಯಾರಿಗೆ ಬೇಕ್ರಿ?"

ಅಲ್ಲಿಯ ರೈತ ಮಾರೆಣ್ಣನ ಎತ್ತುಗಳ ಕೊರಳ ಗೆಜ್ಜೆಯನ್ನು ಮೊಬೈಲಿನಲ್ಲಿ ಹಿಡಿದು ತಂದೆವು. ಗಾಡಿಯ ವೇಗ ಏರಿದಂತೆ ಗೆಜ್ಜೆಯ ವೇಗವೂ ಏರುವ ಹಾಗೆ ನಾನು ಸರ್ಕಿಟ್ ಮಾಡಿದೆ. ಎಲ್ಲವೂ ಒಂದು ಸೋಪಿನ ಡಬ್ಬಿಯಲ್ಲಿ ಹಿಡಿಸಿತು.

ಕುರುಗೋಡಿನಲ್ಲಿ ಎರ್ರಣ್ಣ ಡಬ್ಬಿಯನ್ನು ತಿರುಗಿಸಿ ನೋಡಿದ.

"ನಡುರಸ್ತ್ಯಾಗ ಬೆನ್ನು ಮಾಡಿ ನಿಲ್ತೀನಿ. ನಾ ಸರದ್ರ ಗಾಡಿ ತಗೊಂತೀನಿ. ಆದ್ರ ನಾ ಸರಿಯಾಂವಲ್ಲ, ಮೊದ್ಲೇ ಹೇಳೀನಿ."

ಅವನು ಹೋಗಿ ನಿಂತ. ಗೆಳೆಯ ಚಿದಾನಂದಪ್ಪನೂ ಜೊತೆಗೆ ನಿಂತು, ಬೀಗರ ಮನೆಯ ಊಟದಲ್ಲಿ ಹೋಳಿಗೆ ಸಾಲದೆ ಹೋದ ಕಥೆ ತೆಗೆದ. ಎರ್ರಣ್ಣನಿಗೂ ಆ ಬೀಗರ ಮೇಲೆ ಸಿಟ್ಟಿತ್ತು. ಮಾತು ಬಿರುಸಾಯಿತು. ರಾಘಣ್ಣನವರು ಎರ್ರಣ್ಣನ ಅಂಗಡಿಯ ಕಟ್ಟೆಯ ಮೇಲೆ, ನೋಡಲು ಕೂಡಿದ ಮಂದಿಯ ನಡುವೆ, ಕಣ್ಣು ಮುಚ್ಚಿ ಕೂತಿದ್ದರು.

ನಾನು ಮೆಲ್ಲಗೆ ಹೊರಟೆ. ಗೆಜ್ಜೆ ಘಲಘಲ ಎಂದಿತು. ಚಿದಾನಂದಪ್ಪ ಮಾತು ನಿಲ್ಲಿಸದೆ ಪಕ್ಕಕ್ಕೆ ಬಂದ. ಅವನ ಹಿಂದೆಯೇ, ಕೈ ಬೀಸಿ ಬೀಗರನ್ನು ಬೈಯುತ್ತಾ, ಎರ್ರಣ್ಣನೂ ಬಂದ. ನಾನು ದಾಟಿ ಮುಂದೆ ಹೋಗಿ ನಿಂತೆ.

"ಯಾವಾಗ ಬರ್ತೀರಮ್ಮಾ?" ಎಂದು ಅವನು ಹಿಂದಕ್ಕೆ ಕೂಗಿದ.

"ಅವ್ರು ದಾಟಿ ಹೋಗ್ಯಾಗೇತಿ," ಎಂದ ಚಿದಾನಂದಪ್ಪ.

"ನಾ ಎಲ್ಲಿ ಸರದೀನಿ? ಇಲ್ಲೇ ಇದ್ನಲ್ಲಾ."

"ಹಂಗಾದ್ರ ಆ ಚಪ್ಪಲಿ ಯಾರ್ದಲೇ?"

ನಡುರಸ್ತೆಯಲ್ಲಿ ಒಂಟಿ ಚಪ್ಪಲಿ ಬಿದ್ದಿತ್ತು. ಎರ್ರಣ್ಣ ತನ್ನ ಬರಿಗಾಲನ್ನು ನೋಡಿಕೊಂಡ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅವನು ಕುಂಟುತ್ತಾ ಹೋಗಿ ಚಪ್ಪಲಿ ಮೆಟ್ಟಿಕೊಂಡು, ರಾಘಣ್ಣನವರಿಗೆ ಹೇಳಿದ: "ಗಾಡಿ ಕಳಸ್ರಿ ಸ್ವಾಮಿ. ಗೆಜ್ಜಿ ಕಟ್ಟೇ ಕಳಸ್ರಿ."

ದೀಪಾವಳಿಯ ಹೊತ್ತಿಗೆ ಬೇರೆ ಕಂಪನಿಗಳ ಸ್ಕೂಟರ್ ಮಾರುವವರೂ ಬರೀ ಡಬ್ಬಿ ಕೇಳಿಕೊಂಡು ಬಂದರು. ಕೈಸರ್ ಲಾರಿ ಹಾರ್ನುಗಳನ್ನು ಮೂಲೆಗೆ ಸರಿಸಿ ನಮ್ಮ ಡಬ್ಬಿಗಳಿಗೆ ಜಾಗ ಮಾಡಿದ. ಅಕ್ಕನಾಗಮ್ಮ ಟೀಚರು ತಮ್ಮ ಗಾಡಿಯನ್ನು ಮರಳಿ ಕೇಳಿದರು, ತಕರಾರಿನೊಂದಿಗೆ.

"ನಮ್ಮ ಕಡಿ ಎತ್ತು ಎಲ್ಲಿ ಅದಾವ್ರಿ ಈಗ? ಟ್ರ್ಯಾಕ್ಟರ್ ಸದ್ದು ಹಾಕಿ ಕೊಡ್ರಿ. ಹೆಡ್‌ಮಾಸ್ತರೂ ಸರೀಬೇಕು."

ಅಂದು ಸಂಜೆ ರಾಘಣ್ಣನವರು ಕೇಳಿದರು: "ನಾಳೆ ಹಚ್ಚೊಳ್ಳಿಗೆ ಹೋಗಿ ಟ್ರ್ಯಾಕ್ಟರ್ ಸದ್ದು ಹಿಡಕೊಂಡು ಬರಬೇಕಲ್ಲಮ್ಮಾ. ಆರಕ್ಕ ಬರಲಿಕ್ಕೆ ಆಗ್ತದೇನು?"

"ಐದೂವರೆಗೇ ಬರ್ತೀನ್ರಿ," ಎಂದೆ.