ಕೊನಾಡು ಚಿಕ್ಕಮ್ಮ ಅಕ್ರಾಕ್ಕೆ ಹೋದದ್ದು

ಒಳಗಿನಿಂದ ಚಿಲಕ ಹಾಕಿಕೊಂಡ ಗಂಡಸಿನ ಬಾಗಿಲನ್ನು ಬರೀ ಬಾಯಿಂದ ತೆಗೆಸಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇಲ್ಲ ತಾನೆ. ನಾನು ತೆಗೆಸಿದ್ದೇನೆ. ಅದೂ ಬೊವಾಹೆನ್ ಚಿಕ್ಕಪ್ಪನ ಬಾಗಿಲು. ಪಾದ್ರಿ ಬಂದು ಸೋತರು. ಮನೆತನದ ಹಿರಿಯರು ಬಂದು ಕೆಮ್ಮಿ ವಾಪಸ್ಸು ಹೋದರು. ಕೊನೆಗೆ ಒಡುರೊ ಒಬ್ಬನೇ ಸಾಕಾದ. ಒಡುರೊ ಅಂದರೆ ನಾನು. ಕುಮಾಸಿ ಪಟ್ಟಣದ ಸಿನಿಮಾದವರು ಇನ್ನೂ ನನ್ನನ್ನು ಹುಡುಕಿಕೊಂಡು ಬಂದಿಲ್ಲ ಅನ್ನುವುದು ಅವರ ದುರದೃಷ್ಟ.

"ಚಿಕ್ಕಪ್ಪಾ," ಎಂದು ಬಾಗಿಲು ಬಡಿದೆ. "ಶಾಮಿಯಾನ ಹಾಕಿದೆ, ಬ್ಯಾಂಡ್‌ನೋರು ಬಂದಿದಾರೆ, ಹೀರೋಯಿನ್ ಮೇಕಪ್ ಮಾಡ್ಕೊಂಡು ಮಲಗಿದಾಳೆ. ಪ್ರೊಡ್ಯೂಸರ್ರೇ ಚಿಲಕ ಹಾಕ್ಕೊಂಡ್ರೆ ಪಿಕ್ಚರ್ ಮುಗಿಯೋದು ಹೆಂಗೆ?"

"ತೊಲಗು," ಅಂತ ಒಳಗಿನಿಂದ ಬಂತು.

ಅಂಗಳದಾಚೆಯ ಹಜಾರದಲ್ಲಿ ಕೊನಾಡು ಚಿಕ್ಕಮ್ಮನನ್ನು ಕೊನೆಯ ದರ್ಶನಕ್ಕೆಂದು ಹಿತ್ತಾಳೆ ಮಂಚದ ಮೇಲೆ ಮಲಗಿಸಿದ್ದರು. ನಮ್ಮ ಎಜಿಸುವಿನ ಅರ್ಧ ಊರಿಗೆ ಬಟ್ಟೆ ಹೊಲಿದುಕೊಟ್ಟವಳು. ಹೊರಗೆ ಕುರ್ಚಿಗಳಲ್ಲಿ ಕೂತಿದ್ದವರ ಸಾವಿನ ಕಪ್ಪು ಬಟ್ಟೆಗಳಲ್ಲೂ ಅರ್ಧ ಅವಳೇ ಹೊಲಿದದ್ದು. ನಮ್ಮಲ್ಲಿ ಹೆಂಡತಿ ಸತ್ತರೆ ಅವಳ ದಾರಿಗೆ ಬೇಕಾದದ್ದನ್ನು ಗಂಡ ಕಟ್ಟಿಕೊಡಬೇಕು. ಟವಲ್ಲು, ಸೋಪು, ಮೈಯುಜ್ಜುವ ನಾರು, ಸೆಂಟು, ಒಂದು ಒಳ್ಳೆಯ ಬಟ್ಟೆ. ಅದು ಬಾರದೆ ತವರಿನವರು ಶವಪೆಟ್ಟಿಗೆ ಮುಚ್ಚುವುದಿಲ್ಲ. ಕೊಡದೆ ಹೋದರೆ ಊರೆಲ್ಲರ ಎದುರು ಇವಳು ನನ್ನ ಹೆಂಡತಿಯೇ ಅಲ್ಲ ಅಂದ ಹಾಗೆ. ಚಿಕ್ಕಪ್ಪ ಎಲ್ಲವನ್ನೂ ಕೊಂಡು ತಂದು ಸೂಟ್‌ಕೇಸಿಗೆ ತುಂಬಿ, ಈಗ ಅದರ ಮೇಲೆಯೇ ಕೂತುಬಿಟ್ಟಿದ್ದ.

"ಹಳೇ ಕಥೆ ಕಣೋ," ಅಂದಳು ನನ್ನ ಪಕ್ಕದಲ್ಲಿ ನಿಂತಿದ್ದ ಟಾಚಿವಾ ದೊಡ್ಡಮ್ಮ, ಸತ್ತವಳ ಅಕ್ಕ. "ಬದುಕಿದ್ದಾಗ ಒಂದೇ ಒಂದ್ಸಲ ಎರಡು ದಿನ ಅಕ್ರಾಕ್ಕೆ ಹೋದ್ಲು. ಅದಕ್ಕೆ ಈಗ ಟವಲ್ ಕೊಡಲ್ಲ ಅಂತ ಕೂತಿದಾನೆ." ಕೆಂಪು ತಲೆಬಟ್ಟೆ ಸರಿ ಮಾಡಿಕೊಂಡಳು. "ಅವಳದ್ದೂ ತಪ್ಪೇ. ಹೋಗೋಳು ನನ್ನನ್ನಾದ್ರೂ ಕರ್ಕೊಂಡು ಹೋಗಬಾರದಿತ್ತಾ? ನಾನೇನು ಬಸ್ಸಲ್ಲಿ ವಾಂತಿ ಮಾಡ್ತೀನಾ?"

"ಮಾಡ್ತೀಯ ದೊಡ್ಡಮ್ಮ."

"ಆ ಮಾತು ಬೇರೆ."

*

ಅಕ್ರಾಕ್ಕೆ ಹೋದ ದಿನ ಚಿಕ್ಕಮ್ಮ ದಾರ ಮತ್ತು ಜಿಪ್ಪು ತರಲು ಕುಮಾಸಿಯ ಕೆಜೆಟಿಯಾ ಮಾರ್ಕೆಟ್ಟಿಗೆ ಹೋಗಿದ್ದಳು. ನಿಲ್ದಾಣದಲ್ಲಿ ರಾಜಧಾನಿ ಅಕ್ರಾಕ್ಕೆ ಹೋಗುವ ವ್ಯಾನು ನಿಂತಿತ್ತು. ತುಂಬದೆ ಹೊರಡುವ ವ್ಯಾನು ನಮ್ಮ ದೇಶದಲ್ಲಿಲ್ಲ. ಇನ್ನೊಂದು ಸೀಟು ಬಾಕಿ. ಒಳಗಿದ್ದವರು ಬೆವರಿ, ಬೈದು, ಸುಸ್ತಾಗಿದ್ದರು. ಒಬ್ಬಳ ಮಡಿಲಲ್ಲಿದ್ದ ಕೋಳಿ ಕೂಡ ಕೂಗುವುದನ್ನು ಬಿಟ್ಟಿತ್ತು.

"ಒಬ್ರೇ ಒಬ್ರು ಬೇಕು," ಎಂದು ಕಂಡಕ್ಟರು ಕೂಗುತ್ತಿದ್ದ. "ಅಮ್ಮಾ, ನೀವು ಹತ್ತಿದ್ರೆ ಇವರೆಲ್ಲಾ ಮನೆಗೆ ಹೋಗ್ತಾರೆ."

ಚಿಕ್ಕಮ್ಮ ಹತ್ತಿಬಿಟ್ಟಳು.

ಪಕ್ಕದ ಮನೆಗೆ ಫೋನು ಮಾಡಿ ಹೇಳಿದ್ದು ಇಷ್ಟೇ: ಸೂಪು ಮಡಕೆಯಲ್ಲಿದೆ, ನಾನು ಎರಡು ದಿನ ಬಿಟ್ಟು ಬರುತ್ತೇನೆ.

ಬಂದಳು. ಜಿಪ್ಪು ಇಲ್ಲ, ದಾರ ಇಲ್ಲ, ಕೈಚೀಲದಲ್ಲಿ ಏನೂ ಇಲ್ಲ. ಮುಖ ಮಾತ್ರ ಹಸುಗೂಸಿನ ಹಾಗೆ ಹೊಳೆಯುತ್ತಿತ್ತು. ಆ ಹೊಳಪೇ ಎಲ್ಲರ ಹೊಟ್ಟೆಗೆ ಬೆಂಕಿ ಇಟ್ಟದ್ದು.

"ಯಾರ ಹತ್ರ ಹೋಗಿದ್ದೆ?" ಅಂದ ಚಿಕ್ಕಪ್ಪ.

"ಯಾರ ಹತ್ರಾನೂ ಇಲ್ಲ. ಒಂದು ಸೀಟು ಖಾಲಿ ಇತ್ತು."

"ಎಲ್ಲಿ ಮಲಗಿದ್ದೆ?"

"ಹಾಸಿಗೆ ಮೇಲೆ."

"ಏನು ಮಾಡ್ದೆ ಎರಡು ದಿನ?"

"ಕೂತಿದ್ದೆ."

ಹೇಳಿ ಕೇಳಿ ಚಿಕ್ಕಪ್ಪ ಡ್ರೈವರು. ಉತ್ತರದ ತಮಾಲೆ ಊರಿನ ದಾರಿಯಲ್ಲಿ ಜೀವನವಿಡೀ ಊರವರ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಓಡಾಡಿದವನು. ಅವನ ಬಸ್ಸಿನಲ್ಲಿ ಚಿಕ್ಕಮ್ಮ ಸುಮ್ಮನೆ ಸುತ್ತಾಡಲು ಒಮ್ಮೆಯೂ ಹತ್ತಿರಲಿಲ್ಲ. ಈಗ ನೋಡಿದರೆ ಯಾವನೋ ಓಡಿಸುವ ವ್ಯಾನಿನಲ್ಲಿ. ಅವನು ನಿಲ್ದಾಣಕ್ಕೆ ಹೋಗಿ ಅಕ್ರಾ ದಾರಿಯ ಡ್ರೈವರುಗಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ವಿಚಾರಿಸಿದ. "ಬೊವಾಹೆನ್ ಹೆಂಡ್ತೀಗೆ ಸ್ಟೇರಿಂಗು ಬದಲಾಯಿಸೋ ಆಸೆಯಂತೆ," ಎಂದು ಅವರು ನಕ್ಕರು. ಆ ನಗುವನ್ನು ಅವನು ಮನೆಗೆ ತಂದು ಸಾಕಿಕೊಂಡ. ಅಲ್ಲಿಂದಾಚೆ ಚಿಕ್ಕಮ್ಮ ದಾರ ತರಲು ಹೊರಟರೂ ಹಿಂದೆಯೇ ಹೋಗುತ್ತಿದ್ದ.

*

"ಆ ಗಂಡಸು ಯಾರು ಅಂತ ಹೇಳಿ," ಅಂದ ಚಿಕ್ಕಪ್ಪ ಬಾಗಿಲ ಹಿಂದಿನಿಂದ. "ಅವಳ ಮನೆಯೋರಿಗೆ ಗೊತ್ತಿರಲೇಬೇಕು. ಹೆಸರು ಹೇಳಿ, ಸೂಟ್‌ಕೇಸ್ ಕೊಡ್ತೀನಿ. ಸೋಪು ಹಾಕ್ಕೊಂಡು ಇವಳು ಆ ಲೋಕಕ್ಕೆ ಹೋಗಿ ಯಾವನಿಗೆ ಕಾಯ್ತಾಳೆ, ನನಗೆ ಗೊತ್ತಾಗ್ಬೇಕು."

ದೊಡ್ಡಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಂಗಳದಲ್ಲಿ ಪಾದ್ರಿ ಮತ್ತೆ ಗಡಿಯಾರ ನೋಡಿಕೊಂಡರು.

ನಾನು ಧ್ವನಿ ತಗ್ಗಿಸಿದೆ. ಇಂಥ ಜಾಗದಲ್ಲಿ ಹೀರೋ ಕೂಗುವುದಿಲ್ಲ.

"ಆ ಗಂಡಸು ನಾನೇ ಚಿಕ್ಕಪ್ಪ."

ಚಿಲಕ ಸರಿಯಿತು.

ಎದುರಿಗೆ ನಿಂತವನ ಕಪ್ಪು ಬಟ್ಟೆ ಹೆಗಲಿಂದ ಜಾರಿತ್ತು, ಕಣ್ಣು ಕೆಂಪಾಗಿತ್ತು. ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು.

"ನೀನಾ?"

"ಆಗ ನಾನು ಅಕ್ರಾದಲ್ಲಿ ಮೊಬೈಲ್ ರಿಪೇರಿ ಕಲೀತಿದ್ನಲ್ಲ. ನನ್ನ ನೋಡೋಕೆ ಬಂದಿದ್ಲು. ನನ್ನ ರೂಮಲ್ಲೇ ಇದ್ಲು."

"ಮತ್ತೆ ಹೇಳಲಿಲ್ಲ ಯಾಕೆ?"

"ನಿಂಗೊಂದು ಟೋಪಿ ತಗೋಬೇಕು ಅಂತ ಬಂದಿದ್ಲು. ಡ್ರೈವರ್‌ಗಳು ಹಾಕ್ಕೋತಾರಲ್ಲ, ಅಂಥದ್ದು. ಎರಡು ದಿನ ಮಾರ್ಕೆಟ್ಟೆಲ್ಲಾ ಸುತ್ತಿಸಿದ್ಲು ನನ್ನ. ನಿನ್ನ ತಲೆ ಸೈಜಿಗೆ ಒಂದೂ ಸಿಗಲಿಲ್ಲ. ಬರಿಗೈಲಿ ಬಂದೆ ಅಂತ ಹೇಳೋಕೆ ಅವಳಿಗೆ ನಾಚಿಕೆ."

ಚಿಕ್ಕಪ್ಪ ತಲೆ ಮುಟ್ಟಿ ನೋಡಿಕೊಂಡ. ತಲೆ ನಿಜಕ್ಕೂ ದೊಡ್ಡದೇ.

"ನನ್ನ ಮಾತು ತೆಗೆದ್ಲಾ?"

"ಬರೀ ನಿಂದೇ. ಅವರು ಉಂಡ್ರೋ ಇಲ್ವೋ, ಅವರು ಮಲಗಿದ್ರೋ ಇಲ್ವೋ. ಕೇಳಿ ಕೇಳಿ ನನ್ನ ಕಿವಿ ಸವೆದುಹೋಯ್ತು."

ಅವನು ಸೂಟ್‌ಕೇಸಿನ ಮೇಲೆ ಕುಸಿದು ಕೂತ. ಬಹಳ ಹೊತ್ತು ಅತ್ತ. ಆಮೇಲೆ ಎದ್ದು, ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ತಲೆಯ ಮೇಲಿಟ್ಟ. ಇಡುವಾಗ ನನ್ನನ್ನೇ ದಿಟ್ಟಿಸಿದ.

"ಎರಡು ದಿನಾನೂ ಅವಳ ಜೊತೇಲೇ ಇದ್ದೆ ಅನ್ನು," ಎಂದ. "ಪುಣ್ಯವಂತ ಕಣೋ ನೀನು. ನನ್ನ ಜೊತೆ ಅವಳು ಸುಮ್ನೆ ಎರಡು ಗಳಿಗೆ ಕೂತೋಳಲ್ಲ."

ಹಜಾರಕ್ಕೆ ನಡೆಯುವಾಗ ದೊಡ್ಡಮ್ಮ ನನ್ನ ತೋಳು ಚಿವುಟಿದಳು. "ನಿನ್ನ ನೋಡೋಕೆ ಅಷ್ಟು ದೂರ ಹೋದ್ಲು. ಎರಡು ಮನೆ ಆಚೆ ಇದ್ದ ನನ್ನ ಕಣ್ಣಿಗೆ ಕಾಣಲಿಲ್ಲ ಅವಳಿಗೆ."

ಪೆಟ್ಟಿಗೆ ಮುಚ್ಚಿದರು. ಬ್ಯಾಂಡು ಶುರುವಾಯಿತು. ಚಿಕ್ಕಪ್ಪ ತಲೆಯೆತ್ತಿಕೊಂಡು ಎಲ್ಲರಿಗಿಂತ ಮುಂದೆ ನಡೆದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಟೋಪಿಯ ಕಥೆ ಹೇಳುತ್ತ ಹೋದ. ಮಣ್ಣು ಮುಗಿಯುವ ಹೊತ್ತಿಗೆ ಆ ಟೋಪಿಗೆ ನೀಲಿ ಬಣ್ಣವೂ ಬಂದಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ನಾನೇ ಹೀರೋ. ಆದರೆ ನಿಮಗೆ ನಿಜ ಹೇಳುತ್ತೇನೆ.

ಚಿಕ್ಕಮ್ಮ ನನ್ನ ರೂಮಿಗೆ ಬಂದಿರಲಿಲ್ಲ. ಅವಳು ಅಕ್ರಾದಲ್ಲಿದ್ದಾಳೆ ಎಂದೇ ನನಗೆ ಗೊತ್ತಿರಲಿಲ್ಲ. ಆ ಎರಡು ದಿನಗಳಲ್ಲಿ ಒಂದು ಸಂಜೆ ಸಮುದ್ರದ ಕಡೆ ಹೋಗಿದ್ದೆ, ಜೇಬಿನಲ್ಲಿ ಏನೂ ಇಲ್ಲದೆ, ಬೆಳಿಗ್ಗೆಯಿಂದ ಹಸಿದುಕೊಂಡು. ಮರಳ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಕೂತಿದ್ದಳು. ಚಪ್ಪಲಿ ಬಿಟ್ಟಿದ್ದಳು. ತಲೆಬಟ್ಟೆ ಬಿಚ್ಚಿ ಕೊರಳಿಗೆ ಹಾಕಿಕೊಂಡಿದ್ದಳು. ಎದುರಿಗೆ ಎಲೆ ಬಿಡಿಸಿಟ್ಟ ಮೆಕ್ಕೆಜೋಳದ ಕೆಂಕಿ ಉಂಡೆ, ಒಂದು ಇಡೀ ಕರಿದ ಮೀನು, ಖಾರದ ಚಟ್ನಿ. ಪಕ್ಕದಲ್ಲಿ ಯಾರೂ ಇರಲಿಲ್ಲ. ಅಷ್ಟು ನಿಧಾನವಾಗಿ ಮೀನು ತಿನ್ನುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಚಿಕ್ಕಮ್ಮಾ," ಅಂದೆ.

ತಲೆಯೆತ್ತಿ ನೋಡಿದಳು. ಗುರುತು ಸಿಕ್ಕಿತು. ನಕ್ಕಳು ಕೂಡ. ಅವಳ ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿಯಿತ್ತು. ನಾನು ಎರಡು ಹೆಜ್ಜೆ ಮುಂದಿಟ್ಟೆ.

ಅವಳು ಮಡಿಲಲ್ಲಿದ್ದ ಕೈಚೀಲವನ್ನು ತೆಗೆದು ಆ ಕುರ್ಚಿಯ ಮೇಲಿಟ್ಟಳು. ಆಮೇಲೆ ಮೀನಿನ ತಲೆ ಮುರಿದುಕೊಂಡು ಸಮುದ್ರದ ಕಡೆ ತಿರುಗಿದಳು.