ಒಂದು ಕಿವಿಯ ಕೊರಿಯನ್

ಕನ್ನಡಕದ ಗಾಜು ಒಡೆಯುವ ಮುನ್ನ ಒಮ್ಮೆ ಸಣ್ಣಗೆ ನರಳುತ್ತದೆ. ಆ ನರಳಿಕೆ ಕೇಳಿಸಿಕೊಂಡವರು ಗಾಜನ್ನು ಸಾಣೆಕಲ್ಲಿನಿಂದ ಹಿಂದಕ್ಕೆಳೆದು ಬಚಾವಾಗುತ್ತಾರೆ. ಕೇಳಿಸಿಕೊಳ್ಳದವರು ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಯಜಮಾನರ ಮುಂದೆ ನಿಲ್ಲುತ್ತಾರೆ. ಹಾಗಾಗಿ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಾನೂನಿತ್ತು: ಕೆಲಸ ಮಾಡುವಾಗ ಒಂದು ಕಿವಿ ಯಂತ್ರಕ್ಕೆ ಮೀಸಲು. ಇನ್ನೊಂದರಲ್ಲಿ ಏನು ಬೇಕಾದರೂ ತುಂಬಿಕೊಳ್ಳಿ, ನನಗೇನು ಎಂದು ಯಜಮಾನರು ಉದಾರವಾಗಿ ಹೇಳಿಬಿಟ್ಟಿದ್ದರು.

ಅಲ್ಲಿ ಗಾಜು ಉಜ್ಜುವ ಅತ್ತಿಗೆ ಮತ್ತು ನಾದಿನಿ ಆ ಇನ್ನೊಂದು ಕಿವಿಯಲ್ಲಿ ಕೊರಿಯನ್ ಭಾಷೆ ತುಂಬಿಕೊಂಡರು.

ಅದಕ್ಕೆ ಕಾರಣ ಕಣ್ಣು. ದಿನವಿಡೀ ಗಾಜಿನ ಅಂಚು ನೋಡಿ ನೋಡಿ ಸಂಜೆಯಾಗುವಷ್ಟರಲ್ಲಿ ಇಬ್ಬರ ಕಣ್ಣೂ ಬೆಂಕಿಯಾಗುತ್ತಿದ್ದವು. ಮನೆಗೆ ಹೋಗಿ ಒಂದು ಕೊರಿಯನ್ ಧಾರಾವಾಹಿ ನೋಡೋಣವೆಂದರೆ ಕೆಳಗೆ ಓಡುವ ಅಕ್ಷರಗಳನ್ನು ಹಿಡಿಯಲು ಕಣ್ಣಿಗೆ ಕಸುವಿಲ್ಲ. ಭಾಷೆಯನ್ನೇ ಕಲಿತುಬಿಟ್ಟರೆ ಕಣ್ಣು ಮುಚ್ಚಿಕೊಂಡೇ ಧಾರಾವಾಹಿ ನೋಡಬಹುದಲ್ಲ ಎಂದು ಒಂದು ದಿನ ನಾದಿನಿಗೆ ಹೊಳೆಯಿತು. ಅತ್ತಿಗೆ ಯೋಚನೆ ಮಾಡಲು ಕೂಡ ಹೋಗಲಿಲ್ಲ. "ಕಣ್ಣು ಮುಚ್ಕೊಂಡು ಒಪ್ಪಿದ್ದು ನಿಮ್ಮಣ್ಣನ್ನ ಒಬ್ಬನ್ನೇ. ಹೋಗ್ಲಿ, ಇದೂ ಸೇರ್ಲಿ," ಅಂದಳು.

ನಮ್ಮ ಮಾತಿನಲ್ಲೇ ಅರ್ಥ ಹೇಳಿ ಕೊರಿಯನ್ ಕಲಿಸುವ ಒಂದು ಪಾಡ್‌ಕಾಸ್ಟು ಸಿಕ್ಕಿತು. ಒಟ್ಟು ನೂರು ಪಾಠ. ನೂರೂ ಮುಗಿಯುವ ತನಕ ಧಾರಾವಾಹಿಯ ಕಡೆ ತಲೆ ಹಾಕಿ ಮಲಗಬಾರದೆಂದು ಇಬ್ಬರೂ ಪಣ ತೊಟ್ಟರು. ಮನೆಯಲ್ಲಿ ಪಾಠ ಕೇಳುವಂತಿರಲಿಲ್ಲ. ಈ ಮನೆಯಲ್ಲಿ ಆಡುವ ಮಾತೆಲ್ಲ ನನಗೆ ಅರ್ಥವಾಗಬೇಕು ಎಂಬುದು ನಾದಿನಿಯ ತಾಯಿಯ ಕಟ್ಟಪ್ಪಣೆ. ಅಂಗಡಿಯಲ್ಲಿ ಇಬ್ಬರ ಯಂತ್ರಗಳೂ ಅಕ್ಕಪಕ್ಕ, ಅತ್ತಿಗೆಯದು ಎಡಕ್ಕೆ, ನಾದಿನಿಯದು ಬಲಕ್ಕೆ. ನಡುವೆ ಮಗುಚಿಟ್ಟ ಡಬ್ಬದ ಮೇಲೆ ನಾದಿನಿಯ ಫೋನು. ಅದಕ್ಕೆ ಒಂದೇ ಇಯರ್‌ಫೋನು. ಅದರ ಒಂದು ತುದಿ ಅತ್ತಿಗೆಯ ಬಲಗಿವಿಗೆ, ಇನ್ನೊಂದು ನಾದಿನಿಯ ಎಡಗಿವಿಗೆ. ಹೀಗೆ ಒಂದೇ ದಾರಕ್ಕೆ ಕಟ್ಟಿದ ಎರಡು ಗಾಳಿಪಟಗಳಂತೆ ಇಬ್ಬರೂ ಎರಡು ವರ್ಷ ಕೂತರು.

ಟೀಚರ್ ಎಂದರೆ ನಾದಿನಿಗೆ ಪ್ರಾಣ. ಅವರು ಒಂದು ವಾಕ್ಯ ಹೇಳಿ, ಅರ್ಥ ಹೇಳಿ, ಆಮೇಲೆ ಸುಮ್ಮನಾಗುತ್ತಿದ್ದರು. ಆ ಮೌನ ನಮ್ಮ ಪಾಲಿನದು, ಹೇಳಿಕೊಟ್ಟದ್ದನ್ನು ನಾವು ಬಾಯಿಪಾಠ ಮಾಡಲಿ ಎಂದು ಬಿಟ್ಟದ್ದು ಎಂದು ನಾದಿನಿಗೆ ಯಾರೂ ಹೇಳದೆಯೇ ತಿಳಿದಿತ್ತು. ಅತ್ತಿಗೆಗೆ ಮಾತ್ರ ಅಷ್ಟೂ ತಿಳಿಯುತ್ತಿರಲಿಲ್ಲ. ಮೌನವಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತಿದ್ದಳು, ಟೀಚರ್ ಮಾತಾಡಲು ಶುರು ಮಾಡಿದರೆ ತಾನೂ ಮಣಮಣ ಶುರು ಮಾಡುತ್ತಿದ್ದಳು. ಇದನ್ನು ನಾದಿನಿ ಒಂದು ಸಲ ಎತ್ತಿ ಆಡಿದಾಗ ಅತ್ತಿಗೆ, ಟೀಚರ್ ಬಾಯಿ ತೆರೆದಾಗಲೆಲ್ಲ ಬಾಯಿ ಹಾಕುವವಳು ನೀನೇ ಎಂದು ತಿರುಗಿ ಬಿದ್ದಿದ್ದಳು. ಪರೀಕ್ಷೆ ಮಾಡಿಯೇ ಬಿಡೋಣವೆಂದು ನಾದಿನಿ ಊಟದ ಹೊತ್ತಿನಲ್ಲಿ, ಎಲ್ಲಿಗೆ ಹೊರಟಿರಿ ಎಂದು ಕೊರಿಯನ್‌ನಲ್ಲಿ ಕೇಳಿದಳು. ಎರಡು ಕಿಲೋ ಸೇಬು ಕೊಡಿ ಎಂಬ ಅರ್ಥದ್ದೇನನ್ನೋ ಅತ್ತಿಗೆ ಗಂಭೀರವಾಗಿ ಒದರಿದಳು. ಆವತ್ತಿನಿಂದ ಒಬ್ಬಳ ವಿಷಯದಲ್ಲಿ ಇನ್ನೊಬ್ಬಳು ಆಸೆ ಬಿಟ್ಟಳು. ಪ್ರೀತಿಗೇನೂ ಕಡಿಮೆಯಿಲ್ಲ, ಆದರೆ ವಿದ್ಯೆ ಎಲ್ಲರ ತಲೆಗೂ ಹತ್ತಬೇಕಲ್ಲ.

ತೊಂಬತ್ತಾರನೆಯ ಪಾಠ ನಡೆಯುತ್ತಿದ್ದಾಗ ಯಜಮಾನರು ಹೊಸ ಯಂತ್ರ ತರಿಸಿದರು. ಕೊರಿಯಾದಿಂದಲೇ ಬಂದದ್ದು. ಗಾಜನ್ನು ಒಳಗಿಟ್ಟರೆ ತಾನೇ ಅಳೆದು, ತಾನೇ ಉಜ್ಜಿ, ಅಂಚಿಗೆ ಹೊಳಪು ಕೊಟ್ಟು ಕೈಗೆ ಕೊಡುತ್ತದೆ. ಅದು ಬಂದ ಮೇಲೆ ಹಳೆಯವೆರಡಕ್ಕೂ ಕೆಲಸವಿಲ್ಲ. ಹೊಸದರ ಮುಂದೆ ಒಂದೇ ಕುರ್ಚಿ. ಅದರಲ್ಲಿ ಕೂರದವರು ಮುಂಗಟ್ಟೆಯಲ್ಲಿ ಗಾಜು ಒರೆಸಿ ಕಾಗದದಲ್ಲಿ ಸುತ್ತುತ್ತಾ ಕೂರಬೇಕು. ಯಂತ್ರ ಹೂಡಿ ಕಲಿಸಿಕೊಡಲು ಒಬ್ಬ ಇಂಜಿನಿಯರ್ ಒಂದೇ ದಿನದ ಮಟ್ಟಿಗೆ ಬರುತ್ತಾರೆ, ಅವರಿಗೆ ತಮ್ಮ ಭಾಷೆ ಬಿಟ್ಟು ಬೇರೆ ಬಾರದು, ಅವರ ಜೊತೆ ಮಾತಾಡಿ ಕಲಿಯುವವರಿಗೆ ಕುರ್ಚಿ ಎಂದು ಯಜಮಾನರು ಸಾರಿದರು. ಯಾರಿಗೂ ಆಗದಿದ್ದರೆ ಕುರ್ಚಿ ಯಜಮಾನರ ಭಾಮೈದನಿಗೆ. ಭಾಮೈದ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಉಗುರು ಕತ್ತರಿಸಿಕೊಳ್ಳುವುದು ಬಿಟ್ಟು ಇನ್ನೇನನ್ನೂ ಕತ್ತರಿಸಿದವನಲ್ಲ.

ನಾದಿನಿ ಮೂರು ದಿನ ನೆಲದ ಮೇಲೆ ಕಾಲಿಡಲಿಲ್ಲ. ಎಂಟು ವರ್ಷ ಕೈಯಲ್ಲಿ ಗಾಜು ಹಿಡಿದು ಬೆರಳ ತುದಿ ಸವೆದು, ಫೋನು ಕೂಡ ಅವಳ ಬೆರಳಚ್ಚನ್ನು ಗುರುತಿಸುತ್ತಿರಲಿಲ್ಲ. ಆ ಕುರ್ಚಿ ಅವಳಿಗೆ ಬೇಕೇ ಬೇಕಿತ್ತು. ಅತ್ತಿಗೆಗೂ ಬೇಕಿತ್ತು. ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅತಿ ಮರ್ಯಾದೆಯಿಂದ ನಡೆದುಕೊಳ್ಳತೊಡಗಿದರು, ಅದು ಜಗಳಕ್ಕಿಂತ ಕೆಟ್ಟದಾಗಿತ್ತು.

ಇಂಜಿನಿಯರ್ ಬೆಳಿಗ್ಗೆಯೇ ಬಂದರು. ಎತ್ತರದ ಮನುಷ್ಯ, ನಾಚಿಕೆಯ ಸ್ವಭಾವ, ಕೈಗೆ ಬಿಳಿ ಕೈಗವಸು. ಯಜಮಾನರು ಮೊದಲು ಫೋನಿನ ಅನುವಾದಕವನ್ನು ಅವರ ಮುಂದೆ ಹಿಡಿದರು. ಹಳೆಯ ಯಂತ್ರಗಳ ಗದ್ದಲಕ್ಕೆ ಅದರ ತಲೆ ಕೆಟ್ಟು, ನಿಮ್ಮ ಅಜ್ಜಿಯನ್ನು ಒಣಗಲು ಹಾಕಿ ಎಂದಿತು. ಫೋನು ಜೇಬಿಗೆ ಹೋಯಿತು, ನಾದಿನಿ ಮುಂದೆ ಬಂದಳು.

ಏನು ಅವಳ ಗತ್ತು! "ಅನ್ಯೊಂಗ್ ಹಸೆಯೊ" ಎಂದು ತಲೆ ಬಾಗಿಸಿ, ಹೇಗಿದ್ದೀರಿ, ಯಾವಾಗ ಬಂದಿರಿ, ಊಟ ಆಯಿತೆ, ಇಲ್ಲಿಯ ಹವಾ ಹಿಡಿಸಿತೆ ಎಂದು ಪಟಪಟನೆ ಕೇಳಿದಳು. ಇಂಜಿನಿಯರ್ ಮುಖ ಅರಳಿ ಮೊರದಗಲವಾಯಿತು. ಎಷ್ಟು ದಿನದಿಂದ ಮಾತಿಗೆ ಹಸಿದಿದ್ದರೋ, ಒಂದೇ ಉಸಿರಿಗೆ ಉತ್ತರ ಕೊಡಲು ಶುರು ಮಾಡಿದರು. ನಾದಿನಿಗೆ ಅದರಲ್ಲಿ ಒಂದು ಅಗುಳೂ ತಿಳಿಯಲಿಲ್ಲ. ತೊಂಬತ್ತಾರು ಪಾಠಗಳಲ್ಲಿ ಇಂಥ ಒಂದು ಮಾತೂ ಅವಳ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಅವರು ತಿರುಗಿ ಒಂದು ಪ್ರಶ್ನೆ ಕೇಳಿದರು. ಅದು ಮಾತ್ರ ಹಗಲಿನಷ್ಟು ಸ್ಪಷ್ಟವಾಗಿ ಅರ್ಥವಾಯಿತು: ನೀರು ಎಲ್ಲಿದೆ? ಆದರೆ ಉತ್ತರ ಹೇಳಲು ಬಾಯಿ ತೆರೆದರೆ ಅಲ್ಲಿ ಏನೂ ಇಲ್ಲ. ನೆನಪಿನ ಎಲ್ಲ ಗೂಡುಗಳಲ್ಲೂ ಬರೀ ಪ್ರಶ್ನೆಗಳು.

ಅತ್ತಿಗೆಯ ಸರದಿ ಬಂತು. ಇಂಜಿನಿಯರ್ ಅದನ್ನೇ ಅವಳಿಗೂ ಕೇಳಿದರು. ಅತ್ತಿಗೆ ಮುಗುಳ್ನಕ್ಕು, ಅದೇ ಎರಡು ಕಿಲೋ ಸೇಬು ಕೇಳಿದಳು. ಇಂಜಿನಿಯರ್ ತಬ್ಬಿಬ್ಬಾಗಿ ತಮ್ಮ ಚೀಲದೊಳಗೆ ಇಣುಕಿದರು. ಭಾಮೈದ ಉಗುರು ಕತ್ತರಿಸುವ ಸಾಧನವನ್ನು ಮಡಚಿ ಎದ್ದು ಅಂಗಿ ಸರಿಮಾಡಿಕೊಂಡ.

ನಾದಿನಿಗೆ ಅಳು ಉಕ್ಕಿತು. "ನೀರು ಎಲ್ಲಿದೆ ಅಂತ ಕೇಳ್ತಿದಾರೆ ಅತ್ತಿಗೆ. ನೀವು ಸೇಬು ಅಂತೀರಲ್ಲ," ಎಂದು ಗೊಣಗಿದಳು.

"ನೀರಾ? ಮೊದ್ಲೇ ಹೇಳ್ಬಾರ್ದೇನೇ?" ಎಂದ ಅತ್ತಿಗೆ ಇಂಜಿನಿಯರ್ ಕಡೆ ತಿರುಗಿ, ನಲ್ಲಿಯಿಂದ ನೀರು ಸುರಿದ ಹಾಗೆ ಸರಾಗವಾಗಿ ಏನೋ ಹೇಳಿದಳು. ಅವರು ತಲೆಯಾಡಿಸಿ, ನೇರ ಒಳಗೆ ಹೋಗಿ, ಬಲಕ್ಕೆ ತಿರುಗಿ, ನಲ್ಲಿಯ ಮುಂದೆ ನಿಂತರು.

ನಾದಿನಿ ಬಾಯಿ ಬಿಟ್ಟುಕೊಂಡು ನೋಡಿದಳು. "ಇದನ್ನ ಎಲ್ಲಿ ಕಲಿತ್ರಿ?"

"ಇನ್ನೆಲ್ಲಿ, ಟೀಚರ್ ಹತ್ರ. ಅವ್ರು ಹೇಳೋದೆಲ್ಲ ಇಂಥದ್ದೇ ಅಲ್ವಾ? ಒಳಗಿದೆ, ಬಲಗಡೆ, ಬೇಡ, ಸಾಕು, ಸೊಂಟ ನೋವು."

"ಅವ್ರು ಯಾವಾಗ ಹಾಗಂದ್ರು? ಬರೀ ಕೇಳ್ತಾರೆ ಪಾಪ. ಎಷ್ಟು ಚಂದದ ಗಂಡು ದನಿ."

"ಗಂಡು ದನಿ?" ಅತ್ತಿಗೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಟೀಚರ್ ಹೆಂಗಸಲ್ವೇನೇ?"

ಎರಡು ವರ್ಷ ಇಬ್ಬರೂ ಟೀಚರನ್ನು ಗೌರವದಿಂದ 'ಅವರು' ಎಂದೇ ಕರೆದಿದ್ದರು. ಗಂಡೋ ಹೆಣ್ಣೋ ಎಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ. ನಾದಿನಿ ಡಬ್ಬದ ಮೇಲಿದ್ದ ಇಯರ್‌ಫೋನನ್ನು ಎತ್ತಿಕೊಂಡು, ಪಾಠ ಹಾಕಿ, ಕಾನೂನು ಮುರಿದು, ಎರಡು ತುದಿಯನ್ನೂ ಎರಡು ಕಿವಿಗೆ ಹಾಕಿಕೊಂಡಳು. ಎಡಗಿವಿಯಲ್ಲಿ ಅವಳ ಟೀಚರ್ ಕೇಳಿದರು. ಎಂದಿನ ಮೌನ ಬರಬೇಕಾದಲ್ಲಿ, ಬಲಗಿವಿಯಲ್ಲಿ ಒಬ್ಬಾಕೆ ನಗುತ್ತಾ ಉತ್ತರ ಹೇಳಿದಳು. ಅವರು ಇಬ್ಬರು. ಇವನು ಕೇಳುತ್ತಾನೆ, ಅವಳು ಹೇಳುತ್ತಾಳೆ. ಇವನ ದನಿ ಒಂದು ತುದಿಗೆ, ಅವಳದು ಇನ್ನೊಂದಕ್ಕೆ. ಅತ್ತಿಗೆ, ನಾದಿನಿ ಎರಡು ವರ್ಷ ಒಂದು ಸಂಸಾರವನ್ನು ನಡುವೆ ಸೀಳಿ ಹಂಚಿಕೊಂಡಿದ್ದರು.

ನಗು ಹೊಟ್ಟೆಯಿಂದ ಬಂತು. ಅತ್ತಿಗೆ ಯಂತ್ರ ಹಿಡಿದುಕೊಂಡು ನಕ್ಕಳು, ನಾದಿನಿ ಅತ್ತಿಗೆಯನ್ನು ಹಿಡಿದುಕೊಂಡು ನಕ್ಕಳು. ಲೋಟದಲ್ಲಿ ನೀರು ತಂದ ಇಂಜಿನಿಯರ್ ಈ ನಗು ತಮ್ಮನ್ನು ಕುರಿತೋ ಯಂತ್ರವನ್ನು ಕುರಿತೋ ಎಂದು ತಿಳಿಯದೆ ತಾವೂ ನಕ್ಕರು.

ಆಮೇಲೆ ಕೆಲಸ ಹೂವೆತ್ತಿದಷ್ಟು ಸಲೀಸಾಯಿತು. ಇಂಜಿನಿಯರ್ ಕೇಳಿದ್ದನ್ನು ನಾದಿನಿ ಅತ್ತಿಗೆಗೆ ಹೇಳುವಳು, ಅತ್ತಿಗೆ ಇಂಜಿನಿಯರಿಗೆ ಉತ್ತರ ಕೊಡುವಳು. ಅತ್ತಿಗೆಗೆ ಸಂಶಯ ಬಂದರೆ ನಾದಿನಿ ಕೇಳುವಳು, ಇಂಜಿನಿಯರ್ ಹೇಳಿದ್ದನ್ನು ಅತ್ತಿಗೆ ಬಿಡಿಸುವಳು. ಯಂತ್ರ ಮೊದಲ ಸಲ ತಿರುಗಿದಾಗ ಕಿರ್ರೆಂದಿತು. ಯಂತ್ರದ ಮಾತುಗಳು ಯಾವ ಪಾಠದಲ್ಲೂ ಇರಲಿಲ್ಲ. ನಾದಿನಿ ಆಸ್ಪತ್ರೆಯ ಪಾಠ ನೆನೆದು, ಎಲ್ಲಿ ನೋಯುತ್ತಿದೆ ಎಂದು ಕೇಳಿದಳು. ಇಂಜಿನಿಯರ್ ಯಂತ್ರಕ್ಕೆ ಕಿವಿಗೊಟ್ಟು ಗಂಭೀರವಾಗಿ ಏನೋ ಅಂದರು.

"ಸೊಂಟ ಅಂತೆ," ಅಂದಳು ಅತ್ತಿಗೆ.

ಯಾವಾಗಿನಿಂದ? ಪ್ರಯಾಣ ಮಾಡಿದಾಗಿನಿಂದ. ಔಷಧಿ? ಎಣ್ಣೆ, ದಿನಕ್ಕೆ ಎರಡು ಹೊತ್ತು, ಊಟಕ್ಕೆ ಮುಂಚೆ. ಊಟ ಎಂದರೆ ಗಾಜು ಎಂದು ವಿವರಿಸುವ ಅಗತ್ಯವೂ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊದಲ ಗಾಜು ಒಂದು ಗೀರೂ ಇಲ್ಲದೆ ಹೊರಬಂತು. ಭಾಮೈದ ಸದ್ದಿಲ್ಲದೆ ಕೂತು ಮತ್ತೆ ಉಗುರಿಗೆ ಕೈ ಹಾಕಿದ.

ಕೊನೆಗೆ ಇಂಜಿನಿಯರ್ ಒಂದು ಕಾಗದ ತೆಗೆದರು. ಯಂತ್ರ ನಡೆಸುವವರ ಹೆಸರಿಗೆ ಅದರಲ್ಲಿ ಒಂದೇ ಗೆರೆ. ಪೆನ್ನು ಹಿಡಿದು ಅವರು ಏನೋ ಕೇಳಿದರು. ಆ ಕೋಣೆಯಲ್ಲಿ ಅದು ಅರ್ಥವಾದದ್ದು ನಾದಿನಿ ಒಬ್ಬಳಿಗೇ: ಕೂರುವವರು ಯಾರು?

ಅತ್ತಿಗೆ, ಏನಂತೆ ಎಂಬಂತೆ ಅವಳ ಮುಖ ನೋಡುತ್ತಿದ್ದಳು. ನಾದಿನಿ ತನ್ನ ಎದೆಯ ಕಡೆ ಬೆರಳು ತೋರಿಸಿದರೆ ಸಾಕಿತ್ತು, ಮಾತೇ ಬೇಕಿರಲಿಲ್ಲ. ಬೆರಳು ಅರ್ಧಕ್ಕೆ ಏರಿತು ಕೂಡ. ಅಷ್ಟರಲ್ಲಿ, ಈ ಯಂತ್ರ ಇನ್ನೊಮ್ಮೆ ಕಿರ್ರೆಂದರೆ ಎಲ್ಲಿ ನೋವೆಂದು ತಾನು ಕೇಳಬಲ್ಲೆನೇ ಹೊರತು ಉತ್ತರ ತಿಳಿಯಲಾರೆ ಎಂದು ಅವಳಿಗೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಹೊಟ್ಟೆಯಲ್ಲಿ ಆ ನಗು ಇನ್ನೂ ಬಾಕಿಯಿತ್ತು.

"ಅತ್ತಿಗೆ, ನಾವಿಬ್ರೂ ಅಂತ ಹೇಗೆ ಹೇಳೋದು?"

ಅತ್ತಿಗೆಗೆ ಪ್ರಶ್ನೆ ಏನಿತ್ತೆಂದು ಆಗ ತಿಳಿಯಿತು. ಇಂಜಿನಿಯರ್ ಕಡೆ ತಿರುಗಿ, ಅದನ್ನು ಅವರ ಭಾಷೆಯಲ್ಲೇ ಹೇಳಿದಳು. ಇಂಜಿನಿಯರ್ ಕುರ್ಚಿ ನೋಡಿ, ಒಂದೇ ಇದೆಯಲ್ಲ ಎಂದು ಕೇಳಿದರು. ನಾದಿನಿ ಅದನ್ನೂ ದಾಟಿಸಿದಳು. ಅತ್ತಿಗೆ ಬಸ್ಸಿನ ಪಾಠದಿಂದ ಉತ್ತರ ತೆಗೆದುಕೊಟ್ಟಳು: ಸ್ವಲ್ಪ ಸರಿದು ಕೂತರೆ ಜಾಗವಾಗುತ್ತದೆ. ಇಂಜಿನಿಯರ್ ಒಂದೇ ಗೆರೆಯ ಮೇಲೆ ಸಣ್ಣಕ್ಷರದಲ್ಲಿ ಎರಡು ಹೆಸರು ಬರೆಸಿಕೊಂಡರು. ಯಜಮಾನರು ತಲೆ ಕೆರೆದುಕೊಂಡು, ಗಿರಾಕಿಗಳು ಕೂರುವ ಬೆಂಚನ್ನು ಒಳಗೆ ತರಿಸಿ, ಕುರ್ಚಿಯನ್ನು ಭಾಮೈದನಿಗೆ ಕೊಟ್ಟರು.

ಮಾರನೆಯ ದಿನ ಇಬ್ಬರೂ ಬೆಂಚಿನ ಮೇಲೆ ಜಾಗ ಅದಲು ಬದಲು ಮಾಡಿಕೊಂಡು, ಯಂತ್ರದ ಸೊಂಟಕ್ಕೆ ಎಣ್ಣೆ ಬಿಟ್ಟು, ಮೊದಲನೆಯ ಪಾಠದಿಂದ ಮತ್ತೆ ಶುರು ಮಾಡಿದರು. ನಾದಿನಿಗೆ ಈಗ ಬಲಗಿವಿ, ಅತ್ತಿಗೆಗೆ ಎಡಗಿವಿ. ಪಾಠ ಆರಂಭವಾಗಿ ಅರೆನಿಮಿಷವೂ ಆಗಿರಲಿಲ್ಲ, ಅತ್ತಿಗೆ ಗಾಜು ಹಿಡಿದ ಕೈಯನ್ನು ತಡೆದು ನಾದಿನಿಯ ಕಡೆ ತಿರುಗಿದಳು.

"ಇಂಥ ದನೀನ ಎರಡು ವರ್ಷ ಒಬ್ಳೇ ಇಟ್ಕೊಂಡಿದ್ದೆಯಲ್ಲೇ, ಕಳ್ಳಿ."