ಜೋಡಿ ಮುಳ್ಳು

"ವೇಷ ನೋಡಿ ಕುಲ ಹೇಳಬಾರದು," ಎನ್ನುತ್ತ ಹಾಲಸ್ವಾಮಿ ಗಾಳಿಮರದ ಕೊಂಬೆಯೊಂದನ್ನು ಎತ್ತಿ ಹಿಡಿದ. "ಈ ಸೂಜಿ ನೋಡಿ, ಈ ಕಾಯಿ ನೋಡಿ ಎಲ್ಲರೂ ಪೈನ್ ಅಂತಾರೆ. ಅಲ್ಲ. ಇದು ಹೂ ಬಿಡೋ ಮರ. ಇಗೋ, ಈ ಇನ್ನೊಂದು ಕೊಂಬೆಯ ಅಗಲ ಎಲೆ ನೋಡಿ, ಮಾವಿನ ಸೋದರಮಾವ ಇದ್ದಂಗಿದೆ. ಆದರೆ ದಕ್ಷಿಣದ ಕಾಡಲ್ಲಿ ನಮ್ಮದೇ ಅಂತ ಇರೋ ಪೈನ್ ಬಳಗದ ಮರ ಇದೊಂದೇ."

ದುರ್ಗದ ಕಾಲೇಜಿನ ಜಗಲಿಯಲ್ಲಿ ನೆರೆದವರು ನಕ್ಕರು. ಎಪ್ಪತ್ತನಾಲ್ಕನೇ ಇಸವಿಯ ಸಸ್ಯ ಪ್ರದರ್ಶನ. ಊರವರಿಗೂ ಬಾಗಿಲು ತೆರೆದಿತ್ತು. ಮುಂದಿನ ಕುರ್ಚಿಯಲ್ಲಿ ಪ್ರಿನ್ಸಿಪಾಲರೂ ಕೂತಿದ್ದರು. ಸಸ್ಯಶಾಸ್ತ್ರದ ಹಾಲಸ್ವಾಮಿ ಮಾತಿಗೆ ನಿಂತರೆ ಜನಕ್ಕೆ ಬರವಿಲ್ಲ. ಬಸ್ ಕಂಡಕ್ಟರನ ದನಿ, ಮಠದ ಸ್ವಾಮಿಗಳ ದನಿ, ಎಲ್ಲ ಅವನ ಗಂಟಲಲ್ಲಿದ್ದವು.

"ಇನ್ನು ನಮ್ಮ ಕಳ್ಳಿಯರು. ಇಪ್ಪತ್ತೆರಡು ಜನ. ಒಬ್ಬಳೂ ಇದುವರೆಗೆ ಏನೂ ಕದ್ದಿಲ್ಲ." ಮತ್ತೆ ನಗು. ನಡುವಿನ ಕುಂಡದಲ್ಲಿ ಮೊಳಕೈ ಎತ್ತರದ, ಏಣುಏಣಾದ ಹಸಿರು ಕಂಬವೊಂದು ನಿಂತಿತ್ತು. ಬೆಂಗಳೂರಿನ ಗೆಳೆಯನೊಬ್ಬ ಕೊಟ್ಟಿದ್ದು. "ಇವಳು ಪಟ್ಟದ ರಾಣಿ. ಮೆಕ್ಸಿಕೋದಿಂದ ಬಂದ ಅಪರೂಪದ ಪಾಪಾಸುಕಳ್ಳಿ."

"ಅದು ಪಾಪಾಸುಕಳ್ಳಿ ಅಲ್ಲ ಮೇಷ್ಟ್ರೇ. ಹಾಲುಗಳ್ಳಿ ಜಾತಿದು ಐತೆ."

ಕಂಬದ ಪಕ್ಕ ನಿಂತಿದ್ದ ಹೆಂಗಸು. ಸಂತೆಗೆ ಬಂದವಳಿರಬೇಕು, ಹೆಗಲ ಮೇಲೆ ಮಾರಾಟವಾಗದೆ ಉಳಿದ ಎರಡು ಕಂಬಳಿ.

ಹಾಲಸ್ವಾಮಿ ಕೈಯೊರಸುವ ಬಟ್ಟೆಯನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟ. "ಹಾಲುಗಳ್ಳಿ ಜಾತಿದು ಐತೆ ಕಣ್ರಪ್ಪೋ. ಬೆಳಿಗ್ಗೆ ಒಂದ್ಸೇರು, ಸಂಜಿಗೊಂದ್ಸೇರು ಕರೀತೈತೆ. ಕರಾನೂ ಹಾಕೈತೆ, ಬರ್ರಿ ನೋಡಾಣ." ಮಾತಿನ ಎಳೆತ, ಕೊನೆಗೆ ಮೂಗಿನಲ್ಲಿ ಸಣ್ಣಗೆ ಏರುವ ರಾಗ, ಯಾವುದೂ ತಪ್ಪಲಿಲ್ಲ. ಜಗಲಿ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರಸಿಕೊಂಡರು.

ಹೆಂಗಸು ನಗು ನಿಲ್ಲುವವರೆಗೂ ಕಾದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಏನನ್ನೋ ನೆನೆಸಿಕೊಳ್ಳುವವಳಂತೆ ಅವನನ್ನೇ ನೋಡುತ್ತಿದ್ದಳು.

"ಕುರಿ ಕಾಲಾಗಿನ ಮುಳ್ಳು ಕಿತ್ತೋರಿಗೆ ಗೊತ್ತಾಗ್ತೈತೆ ಮೇಷ್ಟ್ರೇ. ಪಾಪಾಸುಕಳ್ಳಿದು ಒಂದೇ ಕಣ್ಣಾಗೆ ಗುಂಪು ಮುಳ್ಳು. ಇಲ್ ನೋಡ್ರಿ, ಎಲ್ಲ ಜೋಡಿ ಜೋಡಿ. ಜೋಡಿ ಮುಳ್ಳಿದ್ರೆ ಒಳಗೆ ಹಾಲೈತೆ ಅಂತ್ಲೇ. ಮುರುದು ನೋಡ್ರಿ ಬೇಕಾರೆ."

"ನೋಡೇ ಬಿಡಿ ಹಾಲಸ್ವಾಮಿ," ಎಂದರು ಪ್ರಿನ್ಸಿಪಾಲರು, ಇನ್ನೊಂದು ತಮಾಷೆಗೆ ಸಿದ್ಧರಾಗಿ.

ಹಾಲಸ್ವಾಮಿ ಬಗ್ಗಿದ. ಏಣಿನುದ್ದಕ್ಕೂ ಮುಳ್ಳುಗಳು ಎರಡೆರಡಾಗಿ ನಿಂತಿದ್ದವು. ಎರಡು ವರ್ಷ ದಿನಾ ನೀರು ಹನಿಸಿದ್ದ, ಎಣಿಸಿರಲಿಲ್ಲ. ಪಕ್ಕಕ್ಕೆ ಚಿಗುರಿದ್ದ, ಅಡಿಕೆಯಷ್ಟು ದಪ್ಪದ ಮರಿಯೊಂದನ್ನು ಹಿಡಿದು ತಿರುವಿದ. ಚಟ್ ಎಂದಿತು. ಬಿಳಿ ಹಾಲು ಉಕ್ಕಿ, ಬೆರಳ ಸಂದಿಗಿಳಿದು, ಕೆಳಗಿದ್ದ 'ಮೆಕ್ಸಿಕೋ' ಚೀಟಿಯ ಮೇಲೆ ತೊಟ್ಟಿಕ್ಕಿತು.

ಈ ಸಲ ಯಾರೂ ನಗಲಿಲ್ಲ. ಹಿಂದೆ ಯಾರೋ ಕೆಮ್ಮಿದರು.

"ಬೇಜಾರ್ ಮಾಡ್ಕಬ್ಯಾಡ್ರಿ," ಎಂದು ಹೆಂಗಸು ಹತ್ತಿರ ಬಂದಳು. "ನಾನು ಹರಿಯಬ್ಬೆ ಊರೋಳು, ಜುಂಜಮ್ಮ. ಒಂದು ಕೇಳ್ತೀನಿ. ನೀನು ನಮ್ಮ ಗಿರಿಯಮ್ಮನ ಮಗ ಅಲ್ವೇನಪ್ಪ? ಆಯಮ್ಮನೂ ಹಿಂಗೇ, ಎಲ್ರ ದನಿನೂ ಮಾಡಾಳು. ನನ್ನ ದನಿ ಮಾಡಿದ್ರೆ ನನ್ನ ಕುರಿನೇ ತಿರುಗಿ ನೋಡಾವು. ಈಗ ನೀನು ಮಾಡಿದ್ದು ನಂದಲ್ಲ ಬಿಡು, ಆಯಮ್ಮಂದು."

ಹಾಲಸ್ವಾಮಿಯ ತಲೆಯ ಮೇಲೆ ಬಟ್ಟೆ ಹಾಗೇ ಇತ್ತು. ಆರು ವರ್ಷದಿಂದ ಈ ಕಾಲೇಜಿನವರ ಪಾಲಿಗೆ ಅವನ ಊರು ದಾವಣಗೆರೆ. ತಂದೆ ಹತ್ತಿ ಮಿಲ್ಲಿನ ಗುಮಾಸ್ತ. ಪ್ರಿನ್ಸಿಪಾಲರು ಕನ್ನಡಕ ಏರಿಸಿಕೊಂಡು ಇತ್ತಲೇ ನೋಡುತ್ತಿದ್ದರು.

"ಇಲ್ಲಮ್ಮ," ಎಂದ, ಪುಸ್ತಕದ ಕನ್ನಡದಲ್ಲಿ. "ತಾವು ತಪ್ಪು ತಿಳಿದಿದ್ದೀರಿ. ನಾನು ದಾವಣಗೆರೆಯವನು."

ಜುಂಜಮ್ಮ ಅವನನ್ನು ಇನ್ನಷ್ಟು ಹೊತ್ತು ನೋಡಿದಳು.

"ಇರಬೌದು ಬಿಡ್ರಿ. ನಂಗೂ ಕಣ್ಣು ಮಂಜಾಗೈತೆ. ಹೋಗಿ ಆಯಮ್ಮಂಗೆ ಹೇಳ್ತೀನಿ, ದುರ್ಗದಾಗೆ ನಿನ್ನಂಗೇ ದನಿ ಮಾಡೋರು ಒಬ್ರು ಅವ್ರೆ ಅಂತ. ನಗ್ತಾಳೆ." ಕಂಬಳಿಯನ್ನು ಹೆಗಲಿಗೆ ಸರಿಯಾಗಿ ಎಳೆದುಕೊಂಡು ಮೆಟ್ಟಿಲಿಳಿದವಳು ತಿರುಗಿ ನಿಂತಳು. "ಕೈ ತೊಳ್ಕಳೋತಂಕ ಕಣ್ಣು ಮುಟ್ಟಿಕಬ್ಯಾಡ ಕಣಪ್ಪ. ಹಾಲು ಕೆಟ್ಟದ್ದು."

ಕುರಿಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕೀಳುತ್ತ ಅವನ ಅವ್ವನೂ ಇದನ್ನೇ ಹೇಳುತ್ತಿದ್ದಳು.

ಜನ ಒಬ್ಬೊಬ್ಬರಾಗಿ ಪಕ್ಕದ ಮೇಜಿನ ಗುಲಾಬಿಗಳ ಕಡೆ ಸರಿದರು. ಜುಂಜಮ್ಮನ ಕಪ್ಪು ಕಂಬಳಿ ಗೇಟು ದಾಟಿ, ಗಾಳಿಮರದ ಆಚೆ, ರಸ್ತೆಯ ಬಿಸಿಲಿನಲ್ಲಿ ಸಣ್ಣದಾಗುತ್ತ ಹೋಯಿತು. ಆಮೇಲೆ ಅದು ಅವನ ಕಣ್ಣಲ್ಲಿ ಕಲಸಿಹೋಯಿತು. ಹಾಲಸ್ವಾಮಿ ಅಂಟಂಟಾದ ಎರಡು ಕೈಗಳನ್ನೂ ಮೈಯಿಂದ ದೂರ ಹಿಡಿದು ನಿಂತಿದ್ದ. ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲಿಲ್ಲ.